ಕಿಟಕಿಯಾಚೆಯ ಸ್ಕೋರು

ಡ್ರಾಯಿಂಗ್ ಮೇಷ್ಟ್ರು ತಮ್ಮ ನಲವತ್ತೇಳು ವರ್ಷದ ಬದುಕಿನಲ್ಲಿ ಒಮ್ಮೆಯೂ ಬ್ಯಾಟು ಹಿಡಿದವರಲ್ಲ. ಅವರು ಹಿಡಿದದ್ದೆಲ್ಲ ಸೀಮೆಸುಣ್ಣ, ಪೆನ್ಸಿಲ್ಲು ಮತ್ತು ಹೆಂಡತಿ ಕೊಟ್ಟ ತರಕಾರಿ ಚೀಲ. ಆದರೂ ನಮ್ಮ ದೇಶದ ತಂಡ ಆಡುವಾಗ ಒಂದೊಂದು ಎಸೆತವನ್ನೂ ತಾವು ಗಮನಿಸದಿದ್ದರೆ ಪಂದ್ಯ ಕೈಬಿಟ್ಟುಹೋಗುತ್ತದೆ ಎಂಬ ಹೊಣೆಯನ್ನು ಯಾರೂ ಕೇಳದೆಯೇ ಹೊತ್ತುಕೊಂಡಿದ್ದರು. ಸೆಮಿಫೈನಲ್ ದಿನ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಪೇಪರ್ ಕೇಳಲು ಬಂದು ಹೊಸ್ತಿಲ ಮೇಲೆ ನಿಂತರು. ಆ ಕ್ಷಣದಿಂದ ನಮ್ಮವರ ಆಟ ಕುದುರಿತು. ಮೇಷ್ಟ್ರು ಅವರನ್ನು ಒಳಗೂ ಬಿಡಲಿಲ್ಲ, ಹೊರಗೂ ಬಿಡಲಿಲ್ಲ. ಮುಕ್ಕಾಲು ಗಂಟೆ ಹೊಸ್ತಿಲ ಮೇಲೇ ನಿಲ್ಲಿಸಿದರು. ನಮ್ಮವರು ಗೆದ್ದರು. ಪೋಸ್ಟ್‌ಮಾಸ್ಟರು ಒಂದು ವಾರ ಕಾಲಿಗೆ ಎಣ್ಣೆ ಹಚ್ಚಿಕೊಂಡರು.

ಫೈನಲ್ ಬಿದ್ದದ್ದು ಭಾನುವಾರ. ಅದೇ ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆವರೆಗೆ ಮೇಷ್ಟ್ರ ಶಾಲೆಯಲ್ಲಿ ಇಲಾಖಾ ಪರೀಕ್ಷೆ. ನಾನಾ ಕಚೇರಿಗಳ ಕಿರಿಯ ಗುಮಾಸ್ತರು ಹಿರಿಯ ಗುಮಾಸ್ತರಾಗಲು ಬರೆಯುವ ಪರೀಕ್ಷೆ ಅದು. ಆರನೇ ಕೊಠಡಿಗೆ ಮೇಲ್ವಿಚಾರಕರು ಯಾರೆಂದರೆ, ಡ್ರಾಯಿಂಗ್ ಮೇಷ್ಟ್ರು.

ಅವರು ಹೆಡ್‌ಮಾಸ್ಟರ ಬಳಿ ಹೋಗಿ ಸೊಂಟನೋವು ಎಂದರು. ಹೆಡ್‌ಮಾಸ್ಟರು ತಮಗೂ ಇದೆ ಎಂದರು. ತಲೆಸುತ್ತು ಎಂದರು. ಕುರ್ಚಿ ಹಾಕಿಸುತ್ತೇನೆ ಎಂಬ ಭರವಸೆ ಸಿಕ್ಕಿತು. ಕೊನೆಗೆ ಮೇಷ್ಟ್ರು ಮಾನ ಬಿಟ್ಟು, ಸಾರ್, ಭಾನುವಾರ ಫೈನಲ್ಲು, ಎಂದರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಅದು ಗೊತ್ತಿದ್ದರಿಂದಲೇ ಉಳಿದ ಹನ್ನೊಂದು ಜನ ನಿಮಗಿಂತ ಮುಂಚೆ ಬಂದು ಹೋದರು ಎಂದರು.

ಆ ಭಾನುವಾರ ಮಧ್ಯಾಹ್ನ ಎರಡಕ್ಕೆ ಮೇಲ್ವಿಚಾರಕರೆಲ್ಲರ ಮೊಬೈಲುಗಳನ್ನು ಹೆಡ್‌ಮಾಸ್ಟರ ಕೋಣೆಯ ಬೀರುವಿಗೆ ಹಾಕಿ ಬೀಗ ಜಡಿದರು. ಎದುರು ತಂಡ ನೂರ ಎಪ್ಪತ್ತೆರಡು ಹೊಡೆದು ಕೂತಿತ್ತು. ನೂರ ಎಪ್ಪತ್ಮೂರು ಹೇಗೆ ಬರುತ್ತೆ, ಮೊದಲ ಆರು ಓವರಿನಲ್ಲಿ ಎಷ್ಟು ಬಂದರೆ ಸಾಕು ಎಂದು ಮೇಷ್ಟ್ರು ಲೆಕ್ಕ ಹಾಕುತ್ತಿದ್ದಾಗ ಯಾರೋ ಒಂದು ಹಾಳೆ ಮುಂದೆ ಹಿಡಿದರು. 'ಈ ಕೇಂದ್ರದಲ್ಲಿ ನನ್ನ ಸಂಬಂಧಿಕರು ಯಾರೂ ಪರೀಕ್ಷೆ ಬರೆಯುತ್ತಿಲ್ಲ' ಎಂದು ಅದರಲ್ಲಿತ್ತು. ಮೇಷ್ಟ್ರು ಅದನ್ನು ಓದದೆ ಸಹಿ ಹಾಕಿದರು. ಓದಿದ್ದರೂ ಹಾಕುತ್ತಿದ್ದರು, ಏಕೆಂದರೆ ಸಂಬಂಧಿಕರು ಯಾರೂ ಬರೆಯುತ್ತಿಲ್ಲವೆಂದೇ ಅವರು ತಿಳಿದಿದ್ದರು.

ಬೀಗ ಬೀಳದ ಮೊಬೈಲು ಇಡೀ ಶಾಲೆಯಲ್ಲಿ ಒಂದೇ ಇತ್ತು. ಅದು ಗಂಟೆ ಹೊಡೆಯುವ ಅಟೆಂಡರನದು. ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೇಷ್ಟ್ರು ಅವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದು ಒಪ್ಪಂದ ಮಾಡಿಕೊಂಡರು. ಆರನೇ ಕೊಠಡಿಯ ಕಿಟಕಿಗೆ ಸರಿಯಾಗಿ, ಗಂಟೆ ತೂಗುಹಾಕಿದ ಕಂಬದ ಬಳಿ ಅವನು ನಿಲ್ಲಬೇಕು. ಒಂದು ರನ್ನಿಗೆ ಒಂದು ಬೆರಳು, ಎರಡಕ್ಕೆ ಎರಡು, ಬೌಂಡರಿಗೆ ನಾಲ್ಕು. ಸಿಕ್ಸರಿಗೆ ಒಂದು ಕೈಯ ಐದೂ ಬೆರಳು, ಇನ್ನೊಂದರದು ಒಂದು. ರನ್ನಿಲ್ಲದಿದ್ದರೆ ಮುಷ್ಟಿ. ವೈಡ್ ಆದರೆ ಎರಡೂ ತೋಳು ಚಾಚಬೇಕು. ವಿಕೆಟ್ ಬಿದ್ದರೆ ಅಂಪೈರಿನ ಹಾಗೆ ಒಂದು ಬೆರಳನ್ನು ಆಕಾಶಕ್ಕೆ ಎತ್ತಬೇಕು. ಅಟೆಂಡರನೂ ಕ್ರಿಕೆಟ್ಟಿನವನೇ. ಕೂಲಿ ಬೇಡ, ಆದರೆ ವಿಕೆಟ್ ಬಿದ್ದಾಗ ತನಗೆ ಅಳು ಬರುತ್ತೆ, ಅದನ್ನು ತಪ್ಪು ತಿಳಿಯಬೇಡಿ ಎಂದಷ್ಟೇ ಹೇಳಿದ.

ಪ್ರಶ್ನೆಪತ್ರಿಕೆ ಹಂಚುತ್ತಾ ಮೇಷ್ಟ್ರು ಕಿಟಕಿ ಪಕ್ಕದ ಸಾಲಿಗೆ ಬಂದರು. ಮೂರನೇ ಡೆಸ್ಕಿನಲ್ಲಿ ತಲೆ ತಗ್ಗಿಸಿ ಕೂತಿದ್ದವನು ಅವರ ಹೆಂಡತಿಯ ತಮ್ಮ.

ಭಾಮೈದ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಒಂಬತ್ತು ವರ್ಷದಿಂದ ಕಿರಿಯ ಗುಮಾಸ್ತ. ಈ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿದ್ದ. ಐದು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಈ ಸಲವೂ ಹೋದರೆ ನಿವೃತ್ತಿಯವರೆಗೆ ಕಿರಿಯನೇ. ಪ್ರತಿ ಸಲ ಫಲಿತಾಂಶದ ದಿನ ನೆಂಟರೆಲ್ಲ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದುದರಿಂದ ಈ ಸಲ ಯಾರಿಗೂ ಹೇಳದೆ ಓದಿದ್ದ. ಅಕ್ಕನಿಗೂ ಹೇಳಿರಲಿಲ್ಲ. ಈಗ ಭಾವನನ್ನು ಕಂಡು ಬೆಪ್ಪಾದ.

ಮೇಷ್ಟ್ರಿಗೆ ಸಹಿ ಹಾಕಿದ ಹಾಳೆ ಏನೆಂದು ಆಗ ಹೊಳೆಯಿತು. ಹೆಡ್‌ಮಾಸ್ಟರಿಗೆ ಹೇಳಿ ಬೇರೆ ಕೊಠಡಿಗೆ ಹೋಗಬಹುದಿತ್ತು. ಆದರೆ ಪರೀಕ್ಷೆಯ ಬೇರೆ ಯಾವ ಕೊಠಡಿಯಿಂದಲೂ ಗಂಟೆಯ ಕಂಬ ಕಾಣುವುದಿಲ್ಲ. ಮೇಷ್ಟ್ರು ಭಾಮೈದನ ಮುಂದೆ ಪತ್ರಿಕೆ ಇಟ್ಟು, ಅವನನ್ನು ಈ ಜನ್ಮದಲ್ಲಿ ನೋಡಿಯೇ ಇಲ್ಲವೆಂಬಂತೆ ಮುಂದೆ ಹೋದರು.

ನೂರು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಸರಿಯಾದದ್ದರ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು, ಬೇಕಾದರೆ ಅಳಿಸಿ ತಿದ್ದಬಹುದು. ಅರವತ್ತು ಬಂದರೆ ಪಾಸು.

ಮೊದಲ ಐವತ್ತು ನಿಮಿಷ ಎಲ್ಲವೂ ಒಪ್ಪಂದದಂತೆ ನಡೆಯಿತು. ಅಟೆಂಡರ್ ಕಂಬದ ಬಳಿ ನಿಂತು ಮೊಬೈಲ್ ನೋಡುವುದು, ಬೆರಳೆತ್ತುವುದು. ಮೇಷ್ಟ್ರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಹಾಜರಿ ಪಟ್ಟಿಯ ಕೆಳಗೆ ಇಟ್ಟುಕೊಂಡ ಚೀಟಿಯಲ್ಲಿ ಗುರುತು ಹಾಕುವುದು. ಅವರ ಕೈಬರಹ ಮುತ್ತಿನಂಥದು. ಓವರಿಗೊಂದು ಸಾಲು, ಸಾಲಿಗೊಂದು ಅಂಚು. ವಿಕೆಟ್ ಬಿದ್ದ ಕಡೆ ಒಂದು ಪುಟ್ಟ ಮುರಿದ ಸ್ಟಂಪು.

ಮೂರೂ ಇಪ್ಪತ್ತಕ್ಕೆ ಭಾಮೈದ ಬರೆದು ಮುಗಿಸಿದ. ಹಿಂದಿನ ನಾಲ್ಕು ಸಲವೂ ಕೊನೆಯ ಗಂಟೆ ಹೊಡೆದು ಪತ್ರಿಕೆ ಕಿತ್ತುಕೊಂಡಾಗಲೇ ಅವನು ಪೆನ್ಸಿಲ್ ಕೆಳಗಿಟ್ಟದ್ದು. ಇಷ್ಟು ಬೇಗ ಮುಗಿದದ್ದೇ ಅವನಿಗೆ ಅನುಮಾನ ತಂದಿತು. ಗೊತ್ತಿದ್ದಿದ್ದರೆ ಇಷ್ಟು ಸಲೀಸಾಗಿ ಬರುತ್ತಿತ್ತೇ? ನಲವತ್ತೊಂದನೇ ಪ್ರಶ್ನೆಯನ್ನು ಮತ್ತೆ ಓದುತ್ತಾ ಕಿಟಕಿಯ ಕಡೆ ನೋಡಿದ. ಅಟೆಂಡರ್ ಒಂದು ಬೆರಳು ತೋರಿಸುತ್ತಿದ್ದ. ಭಾಮೈದ ತುಂಬಿದ್ದೂ ಒಂದನೇ ವೃತ್ತ. ಸ್ವಲ್ಪ ಹೊತ್ತಿಗೆ ನಾಲ್ಕು ಬೆರಳು. ನಲವತ್ತೆರಡಕ್ಕೆ ಅವನ ಉತ್ತರ ನಾಲ್ಕು. ಮತ್ತೆ ಒಂದು. ನಲವತ್ಮೂರಕ್ಕೂ ಒಂದು.

ಭಾಮೈದ ಬೆವರಿದ. ಭಾವನ ಕಡೆ ನೋಡಿದ. ಭಾವ ಬೆರಳು ಕಂಡೊಡನೆ ಏನೋ ಬರೆದುಕೊಳ್ಳುತ್ತಿದ್ದಾರೆ. ತನ್ನನ್ನು ಕಂಡೂ ಕಾಣದ ಹಾಗೆ ಹೋದದ್ದು ಯಾಕೆಂದು ಈಗ ಅರ್ಥವಾಯಿತು. ಅಕ್ಕನಿಗೆ ಹೇಗೋ ಗೊತ್ತಾಗಿದೆ, ಅಕ್ಕ ಭಾವನಿಗೆ ಹೇಳಿದ್ದಾಳೆ, ತನ್ನ ಸಲುವಾಗಿ ಇಪ್ಪತ್ತು ವರ್ಷದ ನೌಕರಿಯನ್ನೇ ಪಣಕ್ಕಿಟ್ಟು ಭಾವ ಈ ಏರ್ಪಾಡು ಮಾಡಿಸಿದ್ದಾರೆ. ಅವನ ಕಣ್ಣು ತುಂಬಿಬಂತು. ನಲವತ್ನಾಲ್ಕಕ್ಕೆ ಅವನು ಮೂರು ತುಂಬಿದ್ದ, ಅಟೆಂಡರ್ ಎರಡು ತೋರಿಸಿದ. ಭಾಮೈದ ರಬ್ಬರ್ ಕೈಗೆತ್ತಿಕೊಂಡ.

ಆಮೇಲೆ ಕಷ್ಟದ ಸನ್ನೆಗಳು ಬಂದವು. ಮುಷ್ಟಿ ಬಂದರೆ ಇದು ಏರ್ಪಾಡು ಮಾಡಿದವರಿಗೂ ಗೊತ್ತಿಲ್ಲವೆಂದು ತಿಳಿದು ತನ್ನ ಉತ್ತರವನ್ನೇ ಉಳಿಸಿಕೊಂಡ. ತೋಳು ಚಾಚಿದಾಗ ಯಾವುದು ಬರೆದರೂ ನಡೆಯುತ್ತದೆ ಎಂದುಕೊಂಡ. ಆರು ಬೆರಳು ಬಂದಾಗ ತುಸು ಯೋಚಿಸಬೇಕಾಯಿತು. ಇರುವುದೇ ನಾಲ್ಕು ಉತ್ತರ, ಆರರಲ್ಲಿ ನಾಲ್ಕು ಕಳೆದರೆ ಎರಡು, ಆದ್ದರಿಂದ ಎರಡು. ಹದಿನಾಲ್ಕನೇ ಓವರಿನಲ್ಲಿ ನಮ್ಮ ನಾಯಕ ಔಟಾದಾಗ ಅಟೆಂಡರ್ ಒಂದು ಬೆರಳನ್ನು ಆಕಾಶಕ್ಕೆತ್ತಿ ಕಣ್ಣೊರೆಸಿಕೊಂಡ. ಭಾಮೈದ ಒಂದು ಎಂದು ತುಂಬಿ, ಯಾರೋ ಏನೋ, ನನಗಾಗಿ ಅಳುತ್ತಿದ್ದಾನಲ್ಲ ಎಂದು ಕರಗಿಹೋದ.

ಪರೀಕ್ಷಾ ಕೊಠಡಿಯಲ್ಲಿ ಒಬ್ಬ ಒಂದೇ ಕಡೆ ನೋಡಿ ನೋಡಿ ಅಳಿಸುತ್ತಿದ್ದರೆ ಹಿಂದಿನವನು ಸುಮ್ಮನಿರುತ್ತಾನೆಯೇ? ನಾಲ್ಕನೇ ಡೆಸ್ಕಿನ ತೆರಿಗೆ ಗುಮಾಸ್ತ ಅವನ ಹಾಳೆಯಲ್ಲಿ ಇಣುಕಿ ಪ್ರಶ್ನೆಯ ನಂಬರ್ ತಿಳಿದುಕೊಂಡ. ಅವನಿಂದ ಐದನೆಯವನಿಗೆ ಗೊತ್ತಾಯಿತು. ಹದಿನಾರನೇ ಓವರಿನ ಹೊತ್ತಿಗೆ ಕಿಟಕಿ ಸಾಲಿನ ಹನ್ನೆರಡು ಜನರಲ್ಲಿ ಹನ್ನೊಂದು ಜನ ಅಳಿಸುತ್ತಿದ್ದರು. ಹನ್ನೆರಡನೆಯವರು ಆಸ್ಪತ್ರೆಯ ದಾಖಲೆ ವಿಭಾಗದ ಹೆಂಗಸು. ದೂರದ ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರಿಂದ ಆಕೆಗೆ ಕಿಟಕಿಯಾಚೆ ಒಂದು ಕಂಬ ಕಾಣಿಸಿತೇ ಹೊರತು ಬೆರಳು ಕಾಣಿಸಲಿಲ್ಲ. ಕೋಣೆಯಲ್ಲಿ ರಬ್ಬರುಗಳ ಸರಸರ ಸದ್ದು ತುಂಬಿತು. ಮೇಷ್ಟ್ರು ತಲೆಯೆತ್ತದೆ, ಎಂಥ ಶ್ರದ್ಧೆಯ ಜನ ಎಂದುಕೊಂಡು ಪೆನ್ಸಿಲ್ ಚೂಪು ಮಾಡಿಕೊಂಡರು.

ಹದಿನೆಂಟನೇ ಓವರಿನ ಕೊನೆಯ ಎಸೆತ ಸಿಕ್ಸರಿಗೆ ಹೋಯಿತು. ಅಟೆಂಡರನ ಐದು ಬೆರಳು ಮೇಲೆ ಹೋದವು. ಆರನೆಯದನ್ನು ತೋರಿಸಬೇಕಾದ ಕೈ, ಇಪ್ಪತ್ತು ವರ್ಷದ ಅಭ್ಯಾಸದಿಂದಲೋ ಸಂತೋಷದಿಂದಲೋ, ಸುತ್ತಿಗೆ ತೆಗೆದುಕೊಂಡು ಗಂಟೆಗೆ ಒಂದು ಏಟು ಕೊಟ್ಟಿತು.

ಆಗ ಗಂಟೆ ಮೂರೂ ಐವತ್ತೆರಡು. ಆ ಹೊತ್ತಿಗೆ ಹೊಡೆಯಬೇಕಾದ ಗಂಟೆ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ ಸ್ಕ್ವಾಡ್ ಮೇಡಂ ಚಹಾ ಲೋಟ ಕೆಳಗಿಟ್ಟು ಎದ್ದರು.

ಪರೀಕ್ಷೆಗಳಲ್ಲಿ ನಕಲು ಹಿಡಿಯುವುದೇ ಆಕೆಯ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ತೋಳಿನ ಮೇಲೆ ಬರೆದದ್ದು, ನೀರಿನ ಬಾಟಲಿಯ ಚೀಟಿಯ ಒಳಮೈಯಲ್ಲಿ ಬರೆದದ್ದು, ಸುಳ್ಳು ಬ್ಯಾಂಡೇಜಿನಲ್ಲಿ ಸುತ್ತಿಟ್ಟದ್ದು, ಎಲ್ಲ ಹಿಡಿದಿದ್ದರು. ಆದರೆ ಆರನೇ ಕೊಠಡಿಯ ಬಾಗಿಲಲ್ಲಿ ಕಂಡದ್ದನ್ನು ಎಲ್ಲೂ ಕಂಡಿರಲಿಲ್ಲ. ಹನ್ನೊಂದು ಜನ ಪೆನ್ಸಿಲ್ ಗಾಳಿಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಾರೆ. ಆಚೆ ಒಬ್ಬ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಐದು ಬೆರಳು ಎತ್ತಿ ಕುಣಿಯುತ್ತಿದ್ದಾನೆ. ಮೇಲ್ವಿಚಾರಕರು ಅವನನ್ನು ನೋಡಿ ನೋಡಿ ಬರೆದುಕೊಳ್ಳುತ್ತಿದ್ದಾರೆ.

ಮೇಡಂ ಮೇಷ್ಟ್ರ ಕೈಯಿಂದ ಚೀಟಿ ತೆಗೆದುಕೊಂಡರು. ಜೊತೆಗೆ ಬಂದ ಗುಮಾಸ್ತನನ್ನು ಕೊಠಡಿಗೆ ಕಾವಲಿಟ್ಟು, ಮೇಷ್ಟ್ರನ್ನೂ ಅಟೆಂಡರನನ್ನೂ ಹೆಡ್‌ಮಾಸ್ಟರ ಕೋಣೆಗೆ ನಡೆಸಿಕೊಂಡು ಹೋದರು. ಹೋಗುವಾಗ, ಪೆನ್ಸಿಲನ್ನು ಎಲ್ಲರಿಗಿಂತ ಎತ್ತರಕ್ಕೆ ಹಿಡಿದಿದ್ದವನನ್ನೂ ಉತ್ತರದ ಹಾಳೆಯ ಸಮೇತ ಎಬ್ಬಿಸಿದರು. ಅವನು ಭಾಮೈದ.

ಕೋಣೆಯೊಳಗೆ ಕಾಲಿಟ್ಟೊಡನೆ ಅವನು ಕೈಮುಗಿದು, ನಮ್ಮ ಭಾವನ ತಪ್ಪೇನೂ ಇಲ್ಲ ಮೇಡಂ, ಎಂದ. ಇವರು ನಿಮ್ಮ ಭಾವನೇ ಎಂದು ಮೇಡಂ ಕೇಳಿದರು. ಹೆಡ್‌ಮಾಸ್ಟರು ಕಡತದಿಂದ ಮೇಷ್ಟ್ರು ಸಹಿ ಹಾಕಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರು. ಇದು ಉತ್ತರಗಳ ಪಟ್ಟಿಯಲ್ಲ, ಕ್ರಿಕೆಟ್ ಸ್ಕೋರು. ಮೇಡಂ ನಗಲಿಲ್ಲ. ಹಿಂದೆ ಒಬ್ಬ ಇಂಥದೇ ಚೀಟಿಯನ್ನು ಧೋಬಿ ಪಟ್ಟಿ ಎಂದಿದ್ದ, ಇನ್ನೊಬ್ಬ ಟೈಲರ್ ಕೊಟ್ಟ ಅಳತೆ ಎಂದಿದ್ದ ಎಂದರು. ತಾವು ಜನ್ಮದಲ್ಲಿ ಕ್ರಿಕೆಟ್ ನೋಡಿದವರಲ್ಲ, ಆದ್ದರಿಂದ ತಮ್ಮನ್ನು ನಂಬಿಸುವುದು ಸುಲಭವೂ ಅಲ್ಲ ಎಂದರು. ಆಮೇಲೆ ಕೇಳಿದರು, ಈ ಆಟ ಈಗಲೂ ನಡೀತಿದೆಯಾ?

ನಡೆಯುತ್ತಿತ್ತು. ಎದುರು ತಂಡದ ಬೌಲರ್ ಕಾಲು ಹಿಡಿದುಕೊಂಡು ಬಿದ್ದು ಆಟ ಹತ್ತು ನಿಮಿಷ ನಿಂತಿತ್ತು. ಹನ್ನೆರಡು ಎಸೆತ ಬಾಕಿ, ಇಪ್ಪತ್ಮೂರು ರನ್ ಬೇಕು. ಎದುರು ತಂಡದವನೊಬ್ಬನ ಕಾಲಿಗೆ ಮೇಷ್ಟ್ರು ಋಣಿಯಾದದ್ದು ಅದೇ ಮೊದಲು.

"ಹಾಗಾದ್ರೆ ಅಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡಿ ತೋರ್ಸಿ," ಎಂದರು ಮೇಡಂ.

ಅಟೆಂಡರ್ ತನ್ನ ಮೊಬೈಲಿನೊಂದಿಗೆ ಕಂಬದ ಬಳಿ ಹೋಗಿ ನಿಂತ. ಮೇಷ್ಟ್ರು ಹೊಸ ಚೀಟಿ ಹಿಡಿದು ಹೆಡ್‌ಮಾಸ್ಟರ ಕೋಣೆಯ ಕಿಟಕಿಗೆ ಮುಖ ಮಾಡಿ ನಿಂತರು. ಮೇಡಂ ಅವರ ಬೆನ್ನ ಹಿಂದೆ ಕೂತು, ಬೀರುವಿನಿಂದ ತೆಗೆಸಿದ ಹೆಡ್‌ಮಾಸ್ಟರ ಮೊಬೈಲಿನಲ್ಲಿ ಆಟ ತೆರೆದರು. ಬೆರಳು ತೋರಿಸಿದ್ದೂ ಆಟದಲ್ಲಿ ನಡೆದದ್ದೂ ತಾಳೆಯಾಗಬೇಕು. ಮೇಷ್ಟ್ರು ಹಿಂದೆ ತಿರುಗಕೂಡದು, ಹೆಡ್‌ಮಾಸ್ಟರು ಬಾಯಿ ತೆರೆಯಕೂಡದು. ಫೈನಲ್ ಪಂದ್ಯ ಬೆನ್ನಿನಿಂದ ಎರಡು ಅಡಿ ದೂರದಲ್ಲಿ ನಡೆಯುತ್ತಿದ್ದರೂ ಅದನ್ನು ಕಂಬದ ಬಳಿ ನಿಂತವನ ಕೈಯಲ್ಲಿ ನೋಡುವ ಗತಿ ಮೇಷ್ಟ್ರಿಗೆ ಬಂತು.

ಅಟೆಂಡರ್ ಒಂದು ತೋರಿಸಿದ. ಮೇಷ್ಟ್ರು ಬರೆದರು. ಹಿಂದಿನಿಂದ ಮೇಡಂ, ಇಲ್ಲಿ ಇನ್ನೂ ಚೆಂಡೇ ಎಸೆದಿಲ್ಲವಲ್ಲ ಎಂದರು. ಅಷ್ಟರಲ್ಲಿ ಅಟೆಂಡರ್ ಆರು ತೋರಿಸಿ ಕುಪ್ಪಳಿಸಿದ. ಮೇಡಂ ಮೊಬೈಲಿನಲ್ಲಿ ಆಗ ಒಂದು ರನ್ ಬಂತು. ಅರ್ಧ ನಿಮಿಷದ ಮೇಲೆ ಅದೇ ಸಿಕ್ಸರ್ ಇಲ್ಲಿಯೂ ಬಂತು. ಮೇಡಂ ಧ್ವನಿ ಗಂಭೀರವಾಯಿತು. ಚೆಂಡು ಎಸೆಯುವ ಮುಂಚೆಯೇ ಈ ಅಟೆಂಡರನಿಗೆ ಎಷ್ಟು ರನ್ ಬರುತ್ತದೆಂದು ಗೊತ್ತಿದೆ ಎಂದರೆ ಇದು ನನ್ನ ಅಧಿಕಾರವ್ಯಾಪ್ತಿ ಮೀರಿದ ವಿಷಯ, ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದರು. ಹೆಡ್‌ಮಾಸ್ಟರು ಬಾಯಿ ತೆರೆಯಲು ಬರಹದಲ್ಲಿ ಅನುಮತಿ ಕೇಳಿ, ಸಿಕ್ಕ ಮೇಲೆ, ನನ್ನ ಮೊಬೈಲು ಹಳೆಯದು ಮೇಡಂ, ಎಲ್ಲ ಅರ್ಧ ನಿಮಿಷ ತಡವಾಗಿ ಬರುತ್ತೆ ಎಂದು ವಿವರಿಸಿದರು.

ಅಲ್ಲಿಂದ ಮುಂದೆ ತಾಳೆಯಾಯಿತು. ಮುಷ್ಟಿ. ಎರಡು. ಒಂದು ಬೆರಳು ಆಕಾಶಕ್ಕೆ, ಜೊತೆಗೆ ಕಣ್ಣೀರು. ಒಂದು. ಈಗ ಆರು ಎಸೆತ, ಹದಿಮೂರು ರನ್. ಬೆನ್ನ ಹಿಂದೆ ಮೇಡಂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. ಔಟಾದವನು ಮತ್ತೆ ಬರಬಹುದೇ ಎಂದು ಆಕೆ ಕೇಳಿದರು. ಇಲ್ಲ ಎಂದರು ಹೆಡ್‌ಮಾಸ್ಟರು. ಒಂದೇ ತಪ್ಪಿಗೆ ಇಷ್ಟು ಕಠಿಣ ಶಿಕ್ಷೆಯೇ ಎಂದ ಮೇಡಂ ಧ್ವನಿಯಲ್ಲಿ ಮೆಚ್ಚುಗೆ ಇತ್ತು.

ಕೊನೆಯ ಓವರ್. ಒಂದು. ನಾಲ್ಕು. ಮುಷ್ಟಿ. ಎರಡು. ಮತ್ತೆ ಎರಡು. ಮೇಷ್ಟ್ರ ಅಕ್ಷರ ಮೊದಲ ಬಾರಿಗೆ ವಕ್ರವಾಯಿತು. ಒಂದು ಎಸೆತ, ನಾಲ್ಕು ರನ್. ಅವರು ಕಿಟಕಿಯ ಸರಳು ಹಿಡಿದುಕೊಂಡರು. ಭಾಮೈದ ಮೂಲೆಯಲ್ಲಿ ನಿಂತು, ತಾನು ಸತ್ತನೋ ಬದುಕಿದನೋ ತಿಳಿಯದೆ, ಅವರ ಬೆನ್ನನ್ನೇ ನೋಡುತ್ತಿದ್ದ.

ಅಟೆಂಡರ್ ಮೊಬೈಲಿನೊಳಕ್ಕೆ ಮುಖ ಹುದುಗಿಸಿದ. ಕುತ್ತಿಗೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಆಮೇಲೆ ಅವನು ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಒಂದು ಬೆರಳೂ ಮೇಲೇಳಲಿಲ್ಲ.

ಈ ಸನ್ನೆ ಒಪ್ಪಂದದಲ್ಲಿರಲಿಲ್ಲ. ಗೆದ್ದರೂ ಅವನು ಕುಸಿಯುವವನೇ, ಸೋತರೂ ಕುಸಿಯುವವನೇ. ಮೇಷ್ಟ್ರು ತಿರುಗಲು ಹೋದರು. ತಿರುಗಬೇಡಿ ಎಂದರು ಮೇಡಂ. ಅರ್ಧ ನಿಮಿಷ ಕಳೆಯಿತು. ಹಿಂದಿನಿಂದ ಹೆಡ್‌ಮಾಸ್ಟರು ಉಸಿರು ಎಳೆದುಕೊಂಡರು, ಬಿಡಲಿಲ್ಲ. ಮೇಡಂ ಪೆನ್ನು ಕೆಳಗೆ ಬಿತ್ತು.

"ಏನಾಯ್ತು ಮೇಡಂ?" ಎಂದು ಮೇಷ್ಟ್ರು ಕಿಟಕಿಯನ್ನು ಕೇಳಿದರು.

"ನೀವು ವಿಚಾರಣೆಗೆ ಒಳಗಾದವರು. ಸಾಕ್ಷ್ಯವನ್ನ ನಿಮಗೆ ಹೇಳೋ ಹಾಗಿಲ್ಲ," ಎಂದರು ಮೇಡಂ. ನಂತರ ಹೇಳಿಕೆ ಬರೆಯಲು ಕೂತರು.

ನಾಲ್ಕು ಪುಟ ಬರೆದರು. ಅಟೆಂಡರ್ ಏಳುವ ಸ್ಥಿತಿಯಲ್ಲಿಲ್ಲದ ಕಾರಣ ನಾಲ್ಕೂವರೆಯ ಗಂಟೆಯನ್ನು ಹೆಡ್‌ಮಾಸ್ಟರೇ ಹೋಗಿ ಹೊಡೆದು ಬಂದರು. ಮೇಡಂ ಹಾಳೆಗಳನ್ನು ಮೇಷ್ಟ್ರ ಮುಂದಿಟ್ಟು ಓದಿ ಸಹಿ ಹಾಕಿ ಎಂದರು. ಮೇಷ್ಟ್ರು ಕೊನೆಯ ಪುಟಕ್ಕೆ ಕೈ ಹಾಕಿದಾಗ ಆಕೆ ಅದನ್ನು ಹಿಂದಕ್ಕೆಳೆದುಕೊಂಡು, ಓದದೆ ಸಹಿ ಹಾಕಿದ್ದರಿಂದಲೇ ನೀವು ಇಲ್ಲಿ ಕೂತಿದ್ದೀರಿ, ಮೊದಲಿನಿಂದ ಓದಿ, ಪುಟಪುಟಕ್ಕೂ ಸಹಿ ಹಾಕಿ ಎಂದರು.

ಮೇಷ್ಟ್ರು ಓದಿದರು. ಸದರಿ ದಿನದಂದು ಸದರಿ ಕೇಂದ್ರದಲ್ಲಿ ಸದರಿ ಮೇಲ್ವಿಚಾರಕರು ಎಂದು ಮೊದಲ ಪುಟ ಹೋಯಿತು. ಎರಡನೇ ಪುಟದಲ್ಲಿ ಕಂಬದ ಎತ್ತರ, ಕಿಟಕಿಯ ಅಗಲ. ಮೂರನೇ ಪುಟದಲ್ಲಿ ಒಂದೊಂದು ಎಸೆತ. ಅವರ ಮೊಣಕಾಲು ಮೇಜಿನ ಕೆಳಗೆ ತಂತಾನೇ ಕುಣಿಯುತ್ತಿತ್ತು, ಮಸಿ ಬಾಟಲಿ ಅಲುಗುತ್ತಿತ್ತು. ಕೊನೆಗೂ ನಾಲ್ಕನೇ ಪುಟ ಬಂತು. 'ಸದರಿ ಓವರಿನ ಆರನೇ ಎಸೆತವನ್ನು ಸದರಿ ಬ್ಯಾಟುಗಾರನು ಎಡಭಾಗಕ್ಕೆ ಬಲವಾಗಿ ಹೊಡೆದಿದ್ದು, ಚೆಂಡು ಗಡಿಯ ಹಗ್ಗದಿಂದ ಸುಮಾರು ಒಂದು ಅಡಿ ಈಚೆಗೆ ಎದುರು ತಂಡದವನೊಬ್ಬನಿಂದ ತಡೆಯಲ್ಪಟ್ಟಿದ್ದು (ಸದರಿಯವನು ಅತ್ಯಂತ ಶ್ಲಾಘನೀಯವಾಗಿ ಹಾರಿರುತ್ತಾನೆ), ಬ್ಯಾಟುಗಾರರು ಮೂರು ಸಲ ಓಡಿರುತ್ತಾರೆ. ಸದರಿ ಪಂದ್ಯವು ಸಮವಾಗಿರುತ್ತದೆ. ಎರಡೂ ಕಡೆಯವರು ಇನ್ನೊಂದೊಂದು ಓವರು ಆಡಿ ತೀರ್ಮಾನ ಮಾಡಿಕೊಳ್ಳತಕ್ಕದ್ದೆಂದು ತಿಳಿದುಬಂದಿರುತ್ತದೆ.'

ಮೇಷ್ಟ್ರು ತಲೆಯೆತ್ತಿದರು. ಮೇಡಂ ಗಡಿಯಾರ ನೋಡಿ, ಸಹಿ ಹಾಕಿದರೆ ವಿಚಾರಣೆ ಮುಗಿದ ಹಾಗೆ, ಬೇಗ ಹಾಕಿ, ಶುರುವಾಗುತ್ತೆ ಎಂದರು.

ಆ ಹೆಚ್ಚಿನ ಓವರುಗಳನ್ನು ಐದೂ ಜನ ಒಂದೇ ಮೊಬೈಲಿನ ಸುತ್ತ ನಿಂತು ನೋಡಿದರು. ಅಟೆಂಡರನ ಮೊಬೈಲು ಮುಂದೆ ಓಡುತ್ತದೆಂದು ಅದನ್ನೂ ಕಸಿದು ಬೀರುವಿಗೆ ಹಾಕಿದರು. ನಮ್ಮವರು ಹದಿನಾಲ್ಕು ಹೊಡೆದರು. ಎದುರಿನವರು ಹನ್ನೆರಡಕ್ಕೆ ನಿಂತರು. ಹೆಡ್‌ಮಾಸ್ಟರು ಅಟೆಂಡರನನ್ನು ತಬ್ಬಿಕೊಂಡರು. ಮೇಷ್ಟ್ರು ಭಾಮೈದನನ್ನು ಸೊಂಟ ಹಿಡಿದು ಮೇಲೆತ್ತಿದರು. ಸೊಂಟನೋವಿನ ವಿಷಯ ಹೆಡ್‌ಮಾಸ್ಟರು ನೆನಪಿಸಲಿಲ್ಲ.

ಮೇಡಂ ಮಾತ್ರ ಆಗಲೇ ಸರಿಯುತ್ತರಗಳ ಲಕೋಟೆ ಒಡೆದು ಕೂತಿದ್ದರು. ಚೀಟಿಯಲ್ಲಿದ್ದದ್ದಕ್ಕೂ ಸರಿಯುತ್ತರಗಳಿಗೂ ಸಂಬಂಧವೇ ಇರಲಿಲ್ಲ. ನಕಲು ಮಾಡಿಸಿದ ಆರೋಪದಿಂದ ಮೇಷ್ಟ್ರು ಪಾರಾದರು. ಸುಳ್ಳು ಘೋಷಣೆಗೆ ಲಿಖಿತ ಸಮಜಾಯಿಷಿ ಕೊಡಬೇಕಾಯಿತಷ್ಟೆ. ಆಮೇಲೆ ಮೇಡಂ ಭಾಮೈದನ ಹಾಳೆಯನ್ನು ಬೆಳಕಿಗೆ ಹಿಡಿದರು. ಅಳಿಸಿದ ಗುರುತುಗಳ ನೆರಳು ಕಾಗದದ ಮೇಲೆ ಹಾಗೇ ಇತ್ತು. ಆಕೆ ಬಹಳ ಹೊತ್ತು ಎಣಿಸಿದರು.

"ನೀವು ಇಪ್ಪತ್ತಾರು ಉತ್ತರ ಬದಲಾಯಿಸಿದ್ದೀರಿ. ಅದರಲ್ಲಿ ಮೊದಲು ಬರೆದಿದ್ದ ಇಪ್ಪತ್ತೆರಡು ಸರಿ ಇದ್ವು. ಈಗ ಆರು ಸರಿ ಇವೆ. ಮುಟ್ಟದೆ ಇದ್ದಿದ್ರೆ ಎಪ್ಪತ್ತೊಂದು. ಈಗ ಐವತ್ತೈದು."

ಹೊರಗೆ ರಸ್ತೆಯಲ್ಲಿ ಜನ ಹಾರ್ನ್ ಬಾರಿಸುತ್ತಾ ಹೋಗುತ್ತಿದ್ದರು. ಭಾಮೈದ ತನ್ನ ಹಾಳೆಯನ್ನು ಇಸಿದುಕೊಂಡು, ತಾನು ಅಳಿಸಿದ ಒಂದು ಗುರುತನ್ನು ಹೆಬ್ಬೆರಳಿನಿಂದ ಸವರಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಿತ್ತು ಭಾವ, ಎಂದ. ದೂರಿನ ಧ್ವನಿಯಲ್ಲೂ ಅಲ್ಲ, ಯಾರದೋ ಸುದ್ದಿ ಹೇಳುವ ಹಾಗೆ. ಮೇಷ್ಟ್ರು ಗೆದ್ದ ತಂಡವನ್ನು ಆ ಕ್ಷಣದಲ್ಲಿ ಮರೆತರು. ಎಲ್ಲಿ ನೋಡಬೇಕೆಂದು ತಿಳಿಯದೆ ಮಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು.

ಮೇಡಂ ಕಾನೂನಿನ ಪುಸ್ತಕವನ್ನು ಎರಡು ಸಲ ತಿರುವಿದರು. ಹನ್ನೊಂದು ಜನರೂ ನಕಲು ಮಾಡಿದ್ದಾರೆ ಎನ್ನೋಣವೆಂದರೆ ಅವರು ನಕಲು ಮಾಡಿದ್ದು ಉತ್ತರವನ್ನಲ್ಲ. ಮಾಡಿಲ್ಲ ಎನ್ನೋಣವೆಂದರೆ ಮಾಡಲು ಅವರು ಪಟ್ಟ ಶ್ರಮ ಹಾಳೆಯ ಮೇಲೆಯೇ ಇದೆ. ಕ್ರಿಕೆಟ್ಟಿನಿಂದ ನಕಲು ಮಾಡುವುದರ ಬಗ್ಗೆ ಯಾವ ನಿಯಮವೂ ಇಲ್ಲ. ಕೊನೆಗೆ ಆಕೆ, ಎರಡು ವಾರದ ಮೇಲೆ ಬೇರೊಂದು ಶಾಲೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಈ ಹನ್ನೊಂದು ಜನ ಮತ್ತೆ ಬರೆಯತಕ್ಕದ್ದು, ಇದು ಹೊಸ ಪ್ರಯತ್ನವೆಂದು ಪರಿಗಣಿಸಲ್ಪಡುವುದಿಲ್ಲ ಎಂದು ಶಿಫಾರಸು ಬರೆದರು. ಕನ್ನಡಕ ಮರೆತಿದ್ದ ಹೆಂಗಸು ಮಾತ್ರ ಆ ಸಾಲಿನಲ್ಲಿ ಒಂದೇ ಸಲಕ್ಕೆ ಪಾಸಾದರು.

ಮೇಷ್ಟ್ರು ಮನೆ ತಲುಪುವ ಮುಂಚೆಯೇ ಸುದ್ದಿ ತಲುಪಿತ್ತು. ಸುದ್ದಿ ದಾರಿಯಲ್ಲಿ ಸ್ವಲ್ಪ ರೂಪ ಬದಲಿಸಿತ್ತು. ಪೋಸ್ಟ್‌ಮಾಸ್ಟರು ಗೇಟಿನಲ್ಲೇ ಕಾದಿದ್ದು, ಹೆಂಡತಿಯ ತಮ್ಮನಿಗೆ ಕಾಪಿ ಹೊಡೆಸೋದು ಎಲ್ಲ ಕಡೆ ಇದ್ದದ್ದೇ, ಕಾಪಿ ಹೊಡೆಸಿಯೂ ಫೇಲು ಮಾಡಿಸಿದವರನ್ನು ನಾನು ನೋಡಿದ್ದು ಇದೇ ಮೊದಲು ಎಂದರು. ಓಣಿಯಲ್ಲಿ ಮೂರು ಮನೆಯವರು ತಮ್ಮ ಮಕ್ಕಳನ್ನು ಮೇಷ್ಟ್ರು ಮನೆಯಲ್ಲಿ ಹೇಳಿಕೊಡುವ ಡ್ರಾಯಿಂಗ್ ಪಾಠದಿಂದ ಬಿಡಿಸಿದರು. ಒಬ್ಬರು ಮಾತ್ರ ಹೊಸದಾಗಿ ಸೇರಿಸಲು ಬಂದರು. ಅವರಿಗೆ ಸುದ್ದಿಯ ಮೊದಲರ್ಧ ಮಾತ್ರ ತಲುಪಿತ್ತು.

ಹೆಂಡತಿ ಕೂಗಾಡುತ್ತಾಳೆಂದು ಮೇಷ್ಟ್ರು ಸಿದ್ಧವಾಗಿದ್ದರು. ಆಕೆ ಕೂಗಾಡಲಿಲ್ಲ. ತಮ್ಮ ಪರೀಕ್ಷೆ ಬರೆಯುತ್ತಿರುವುದೇ ಆ ಸಂಜೆಯವರೆಗೆ ಆಕೆಗೆ ಗೊತ್ತಿರಲಿಲ್ಲ. ತಟ್ಟೆಗಳನ್ನು ಒರೆಸಿ ಜೋಡಿಸಿದ ಮೇಲೆ ಒಂದೇ ಮಾತು ಹೇಳಿದಳು.

"ಅವನು ನಿಮ್ಮನ್ನ ಅಷ್ಟೊಂದು ನಂಬ್ತಾನೆ ಅಂತ ನನಗೂ ಗೊತ್ತಿರಲಿಲ್ಲ."

ಮೇಷ್ಟ್ರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಸಂಜೆ ಅವರು ಭಾಮೈದನ ಬಾಡಿಗೆ ಕೋಣೆಗೆ ಹೋಗಿ, ಪಠ್ಯಪುಸ್ತಕ ಎಲ್ಲಿದೆ ಎಂದು ಕೇಳಿದರು. ಎರಡು ವಾರ, ದಿನವೂ ಶಾಲೆ ಬಿಟ್ಟೊಡನೆ ಅಲ್ಲಿಗೇ ನಡೆದರು. ಅವರು ಪ್ರಶ್ನೆ ಕೇಳುವುದು, ಅವನು ಉತ್ತರ ಹೇಳುವುದು. ತೊಂದರೆ ಎಂದರೆ ಭಾಮೈದ ಪ್ರತಿ ಉತ್ತರ ಹೇಳಿದ ಮೇಲೂ ಭಾವನ ಮುಖ ನೋಡುತ್ತಿದ್ದ. ಅಲ್ಲಿ ಒಂದು ಗೆರೆ ಅಲುಗಿದರೂ ಉತ್ತರ ಬದಲಿಸುತ್ತಿದ್ದ. ಮೇಷ್ಟ್ರಿಗಾದರೋ ಸುಮ್ಮನೆ ಕೂತು ಅಭ್ಯಾಸವಿಲ್ಲ. ಹುಬ್ಬು ಹಾರುತ್ತಿತ್ತು, ಕಾಲು ಅದುರುತ್ತಿತ್ತು. ಕೊನೆಗೆ ಅವರು ಪುಸ್ತಕ ಹಿಡಿದು ಕೋಣೆಯ ಹೊರಗೆ ಮೆಟ್ಟಿಲ ಮೇಲೆ ಕೂತು, ಬಾಗಿಲು ಮುಚ್ಚಿಸಿ, ಅಲ್ಲಿಂದಲೇ ಕೂಗಿ ಪ್ರಶ್ನೆ ಕೇಳತೊಡಗಿದರು. ಅಕ್ಕಪಕ್ಕದ ಬಾಡಿಗೆದಾರರಿಗೆಲ್ಲ ಸರ್ಕಾರಿ ನೌಕರರ ಗಳಿಕೆ ರಜೆಯ ನಿಯಮಗಳು ಬಾಯಿಪಾಠವಾದವು.

ಮರುಪರೀಕ್ಷೆಯ ಭಾನುವಾರ ಬಂತು. ಅಂದು ಹೊಸ ಸರಣಿಯ ಮೊದಲ ಪಂದ್ಯ. ಮೇಷ್ಟ್ರಿಗೆ ಕೆಲಸವಿರಲಿಲ್ಲ. ಹೆಂಡತಿ ಟಿವಿ ಹಾಕಿ ಕೊಟ್ಟು, ಇವತ್ತು ಯಾರೂ ತೊಂದರೆ ಕೊಡಲ್ಲ, ಆರಾಮಾಗಿ ನೋಡಿ ಎಂದಳು. ಮೇಷ್ಟ್ರು ಎರಡೂವರೆಗೆ ಕುರ್ಚಿಯಲ್ಲಿ ಕೂತರು. ಎರಡೂ ಮೂವತ್ತೈದಕ್ಕೆ ಎದ್ದು ಗೇಟಿಗೆ ಹೋಗಿ ಬಂದರು. ಮೂರಕ್ಕೆ ಗಡಿಯಾರ ನಿಂತಿದೆಯೇನೋ ಎಂದು ಇಳಿಸಿ ಕಿವಿಗೆ ಹಿಡಿದು ನೋಡಿದರು. ಮೂರೂವರೆಗೆ, ಈಗ ಅವನು ನಲವತ್ತೊಂದನೇ ಪ್ರಶ್ನೆಗೆ ಬಂದಿರುತ್ತಾನಾ ಎಂದು ಹೆಂಡತಿಯನ್ನು ಕೇಳಿದರು. ನಾಲ್ಕಕ್ಕೆ ಆಕೆಯೂ ಕೆಲಸ ಬಿಟ್ಟು ಬಂದು ಕೂತಳು. ಇಬ್ಬರೂ ಬಾಗಿಲ ಕಡೆ ಮುಖ ಮಾಡಿದ್ದರು. ಟಿವಿ ತನ್ನ ಪಾಡಿಗೆ ತಾನು ಕಿರುಚುತ್ತಿತ್ತು.

ಐದೂಕಾಲಿಗೆ ಭಾಮೈದ ಬಂದ. ಚಪ್ಪಲಿ ಬಿಟ್ಟ. ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಅವನೇ ಹೇಳಿದ.

"ಎಲ್ಲ ಬರೆದೆ ಭಾವ. ರಬ್ಬರ್ ಮುಟ್ಟಲಿಲ್ಲ."

ಮೇಷ್ಟ್ರು ತಲೆಯಾಡಿಸಿದರು. ಭಾಮೈದ ಕುರ್ಚಿಯಲ್ಲಿ ಕೂತು ಟಿವಿಯ ಕಡೆ ಕತ್ತು ಚಾಚಿ, ಸ್ಕೋರ್ ಎಷ್ಟಾಯ್ತು ಎಂದು ಕೇಳಿದ.

ಮೇಷ್ಟ್ರು ಆ ಮಧ್ಯಾಹ್ನ ಮೊದಲ ಬಾರಿಗೆ ಟಿವಿಯನ್ನು ನೋಡಿದರು. ಬ್ಯಾಟು ಮಾಡುತ್ತಿರುವವರು ನಮ್ಮವರೋ ಎದುರಿನವರೋ ಅವರಿಗೆ ತಕ್ಷಣ ತಿಳಿಯಲಿಲ್ಲ.

"ನೋಡ್ಲಿಲ್ಲ ಕಣೋ," ಎಂದರು.